ಪಿಎಚ್‌ಪಿಗೆ ಸಿಟ್ಟಿಲ್ಲ

ಹುಬ್ಬಳ್ಳಿಯ ಆ ಓಣಿಯ ನೀರಿನ ಯಂತ್ರ ಸೋಮವಾರದಿಂದ ಮುನಿಸಿಕೊಂಡು ಕುಳಿತಿತ್ತು. ಸಿಟ್ಟಿನ ಭರದಲ್ಲಿ ಅದೇ ಓಣಿಯ ಚನ್ನವೀರ ಅದಕ್ಕೊಂದು ಒದೆ ಕೊಟ್ಟಿದ್ದ. ಹೊಸ ಕಂಪ್ಯೂಟರ್ ಭಾಷೆಯಲ್ಲಿ ನಡೆಯುವ ಯಂತ್ರಗಳೆಲ್ಲ ಹಾಗೆಯೇ, ಏನನ್ನೂ ಮರೆಯುವುದಿಲ್ಲ. ಓಣಿಯವರು ಮಾಲೆ ಹಾಕಿದರು, ಕಾಯಿ ಒಡೆದರು. ಚನ್ನವೀರ ಕಿವಿ ಹಿಡಿದು ಬಸ್ಕಿ ಹೊಡೆದ. "ಇಷ್ಟು ಸಾಲದು" ಎಂದಿತು ಯಂತ್ರ. ಕೂಸುಗಳ ಬಟ್ಟೆ ಒಗೆಯಲೂ ನೀರಿರಲಿಲ್ಲ.

ಚನ್ನವೀರನ ಪಕ್ಕದ ಮನೆಯ ಕಮಲಾಕ್ಷಿ ಖಾಲಿ ಕೊಡಗಳ ಸಾಲು ದಾಟಿ, ಹಿಂದೊಮ್ಮೆ ನೀರು ಬಿಡುತ್ತಿದ್ದ ಧೂಳು ಹಿಡಿದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಳು. ಅದಕ್ಕೆ ಗೊತ್ತಿದ್ದದ್ದು ಪಿಎಚ್‌ಪಿ ಎಂಬ, ಜಾಲತಾಣ ಕಟ್ಟುವ ಹಳೆಯ ಕಂಪ್ಯೂಟರ್ ಭಾಷೆ ಮಾತ್ರ. ವರ್ಷದಿಂದ ಅವಳು ಕಲಿಯುತ್ತಿದ್ದದ್ದೂ ಅದನ್ನೇ.

"ಸತ್ತ ಭಾಷಾ ಅದು. ಅದಕ್ಕ ನೆನಪನ ಇರಂಗಿಲ್ಲ" ಎಂದು ಚನ್ನವೀರ ಎಂದಿನಂತೆ ಅವಳನ್ನು ನೋಡಿ ನಕ್ಕ.

"ಈಗ ಅದ ಬೇಕಾಗೈತಿ. ಕೇಳಿದ್ದಕ್ಕ ಉತ್ತರಾ ಕೊಡತೈತಿ, ಎಲ್ಲಾ ಮರೀತೈತಿ, ಮತ್ತ ಹೊಸದಾಗಿ ಹುಟ್ಟತೈತಿ. ನಿನ್ನ ಹೆಸರು ಒತ್ತು."

ಅವಳು ಬರೆದು ಮುಗಿಸಿದ ಪುಟದಲ್ಲಿ ಚನ್ನವೀರ ಅಂಜುತ್ತಲೇ ಹೆಸರು ಒತ್ತಿದ. ಪರದೆಯ ಮೇಲೆ ಅಕ್ಷರ ಮೂಡಿತು: "ಸ್ವಾಗತ, ಚನ್ನವೀರ. ಎಷ್ಟು ಕೊಡ ನೀರು ಬೇಕು?"

ಕೊಳವೆ ಗೊರಗೊರ ಎಂದಿತು. ನೀರು ಧೋ ಎಂದು ಸುರಿಯಿತು. ಓಣಿಗೆ ಓಣಿಯೇ ಹೋ ಎಂದು ಕೂಗಿ, ಕಮಲಾಕ್ಷಿಗೆ ಮಾಲೆ ಹಾಕಿತು.

ತೊಯ್ದು ತೊಪ್ಪೆಯಾದ ಚನ್ನವೀರ ತಲೆ ಕೆರೆಯುತ್ತ ಬಂದ. "ಅಕ್ಕಾ, ನನಗೂ ಕಲಿಸ್ತಿ ಏನು? ಇಷ್ಟು ದಿನಾ ನಿನಗ ಭಾಳ ಅಂದೇನಿ..."

"ಏನಂದಿದ್ದಿ?" ಕಮಲಾಕ್ಷಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ನನಗೇನೂ ನೆನಪಿಲ್ಲ ನೋಡು. ಬಾ, ಕುಂದ್ರು."