ಪೂಜೆಗಿಟ್ಟ ಪುಸ್ತಕ

ಜ್ಯೋತಿಲಕ್ಷ್ಮಿ ತಲೆಗೆ ನೀರು ಹಾಕಿಕೊಂಡು ಹೊರಬರುವಷ್ಟರಲ್ಲಿ ಅವಳ ಪುಸ್ತಕ ದೇವರ ಪಾಲಾಗಿತ್ತು. ಮಗ್ಗದ ಮುಂದೆ ಇಟ್ಟ ಮಣೆಯ ಮೇಲೆ, ಲಾಳಿ ಕತ್ತರಿಗಳ ನಡುವೆ, ಆ ದಪ್ಪ ನರ್ಸಿಂಗ್ ಪುಸ್ತಕ ಕೂತಿತ್ತು. ವಾರಗಿತ್ತಿ ನಿರ್ಮಲಾ ಅದರ ರಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಬಲು ಭಕ್ತಿಯಿಂದ ಕೈಮುಗಿಯುತ್ತಿದ್ದಳು.

"ಅಕ್ಕ, ಅದು ನಂಗೆ ಬೇಕಲ್ಲ! ನಾಳೆ ಪರೀಕ್ಷೆ ಐತೆ."

"ಆಯುಧಪೂಜೆಗೆ ಇಟ್ಟ ಪುಸ್ತಕ ಎತ್ತಂಗಿಲ್ಲ ಕಣೆ. ನಾಳೆ ಬೆಳಿಗ್ಗೆ ಎರಡು ಸಾಲು ಓದಿ ಎತ್ತಬೇಕು. ನಮ್ಮ ತವರಲ್ಲಿ ಹಂಗೇ ಮಾಡೋದು."

ಜ್ಯೋತಿಲಕ್ಷ್ಮಿ ಅತ್ತೆಯ ಮುಖ ನೋಡಿದಳು. ಅವಳು ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. "ಹೌದಾ ಅತ್ತೆ?"

"ನಮ್ಮನೇಲಿ ಪುಸ್ತಕ ಅಂತ ಇದ್ದಿದ್ದೇ ಈ ಸಲ. ನಂಗೇನು ಗೊತ್ತು!" ಎಂದಳು ದುರುಗಕ್ಕ. "ನಿರ್ಮಲಾ ಓದಿದೋಳು, ಹೇಳಿದ್ಮೇಲೆ ಇರ್ತೈತೆ. ಇಟ್ಟಿದ್ದು ತೆಗೀಬಾರ್ದು ಬಿಡಮ್ಮ."

"ಮೊಬೈಲಲ್ಲಾದ್ರೂ ಒಂದಿಷ್ಟು ನೋಡ್ಕಳ್ಳಾ?"

"ಇವತ್ತು ಅಕ್ಷರಾನೇ ನೋಡಂಗಿಲ್ಲ," ಎಂದಳು ನಿರ್ಮಲಾ. ಆ ನಿಯಮ ಅವಳ ತವರಿನಲ್ಲೂ ಇರಲಿಲ್ಲ, ಅಲ್ಲೇ ನಿಂತ ಕಾಲಲ್ಲಿ ಹುಟ್ಟಿದ್ದು.

ಚಳ್ಳಕೆರೆಯ ನರ್ಸಿಂಗ್ ಹೋಮೊಂದರಲ್ಲಿ ಒಂದೇ ಒಂದು ನರ್ಸ್ ಕೆಲಸ ಖಾಲಿ ಇತ್ತು. ವಿಜಯದಶಮಿ ಒಳ್ಳೆಯ ದಿನವೆಂದು ಅಲ್ಲಿನ ಡಾಕ್ಟರು ಅಂದೇ ಪರೀಕ್ಷೆ ಇಟ್ಟಿದ್ದರು. ಅಲ್ಲಿನ ಹಿರಿಯ ಸಿಸ್ಟರ್ ಶಾರದಮ್ಮ, "ಗೈಡು ಗೀಡು ಬಿಸಾಕು, ಇದೊಂದು ಓದಿದ್ರೆ ಸಾಕು" ಎಂದು ತಮ್ಮದೇ ಪುಸ್ತಕ ಕೊಟ್ಟು ಕಳಿಸಿದ್ದರು. ಪುಸ್ತಕ ಮೊಳಕಾಲ್ಮೂರಿನ ಈ ಮನೆಗೆ ಬಂದ ದಿನದಿಂದ, ಮದುವೆಗೆ ಮೊದಲೇ ನರ್ಸಿಂಗ್ ಓದಿ ಮುಗಿಸಿದ್ದ ಜ್ಯೋತಿಲಕ್ಷ್ಮಿಗೆ ಒಲೆಯ ಕೆಲಸವೂ ಮಾಫಿ, ಮಗ್ಗದ ಕೆಲಸವೂ ಮಾಫಿ. ಅವಳು ಓದುತ್ತಾ ಕೂತರೆ ಸಾಕ್ಷಾತ್ ಅತ್ತೆಯೇ ಟೀ ತಂದು ಪಕ್ಕಕ್ಕಿಡುತ್ತಿದ್ದಳು.

ಅದನ್ನು ನೋಡಿ ನಿರ್ಮಲಾಗೆ ಹೊಟ್ಟೆ ಉರಿದುಹೋಗುತ್ತಿತ್ತು. ಅವಳೂ ಪಿಯುಸಿ ಸೈನ್ಸ್, ಅದೂ ಫಸ್ಟ್ ಕ್ಲಾಸು. ನರ್ಸಿಂಗ್ ಸೇರುತ್ತೇನೆಂದು ಹಟ ಹಿಡಿದಿದ್ದಾಗಲೇ ಮದುವೆ ಗೊತ್ತಾಗಿ, ಈ ಮನೆಗೆ ಬಂದು ಮಗ್ಗದ ಗುಂಡಿಗೆ ಕಾಲಿಳಿಸಿದವಳು. ರೇಷ್ಮೆ ಸೀರೆ ನೇಯುವುದರಲ್ಲಿ ಅವಳ ಮುಂದೆ ನಿಲ್ಲುವವರು ಆ ಓಣಿಯಲ್ಲಿ ಇರಲಿಲ್ಲ, ಆದರೆ ಅದಕ್ಕಾಗಿ ಯಾರೂ ಅವಳಿಗೆ ಟೀ ತಂದಿಟ್ಟಿರಲಿಲ್ಲ. ಕಿರಿಯವಳು ಬಿಳಿ ಕೋಟು ತೊಟ್ಟು ದಿನಾ ಬಸ್ಸು ಹತ್ತುವುದನ್ನು ನೆನೆದಾಗಲೆಲ್ಲ ಲಾಳಿಯನ್ನು ಇನ್ನಷ್ಟು ಜೋರಾಗಿ ಎಸೆಯುತ್ತಿದ್ದಳು. ಇದೊಂದು ದಿನ ಪುಸ್ತಕ ಇವಳ ಕೈಗೆ ಸಿಗದಿರಲಿ, ಆಮೇಲಿನದು ದೇವರು ನೋಡಿಕೊಳ್ಳಲಿ ಎಂದುಕೊಂಡಿದ್ದಳು.

ದೇವರೇನೋ ನೋಡಿಕೊಂಡ, ಆದರೆ ನಿರ್ಮಲಾ ಹೇಳಿದ ಹಾಗೆ ಅಲ್ಲ. ಮಗ್ಗದ ಪೂಜೆಗೆಂದು ಬಂದ ಓಣಿಯ ಹೆಂಗಸರೆಲ್ಲ ಮಣೆಯ ಮುಂದೆ ನಿಂತುಬಿಟ್ಟರು. "ಇದು ಜ್ಯೋತಿ ಓದೋ ಪುಸ್ತಕವಾ? ಅಯ್ಯೋ ದೇವುಡಾ, ಎಂಥಾ ಗಾತ್ರ!" ಎಂದು ಪಕ್ಕದ ಮನೆಯ ನಿಂಗಕ್ಕ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇಷ್ಟೂ ಆ ಹುಡುಗಿ ತಲೇಲಿ ಐತಾ?" ಹಿಂದಿದ್ದವರೂ ಒಬ್ಬೊಬ್ಬರಾಗಿ ಕಣ್ಣಿಗೊತ್ತಿಕೊಂಡರು. ಮಗ್ಗದ ಮೇಲೆ ನಿರ್ಮಲಾ ನೇಯುತ್ತಿದ್ದ ಸೆರಗು ಅರ್ಧ ಅರಳಿ ನಿಂತಿತ್ತು, ಅದರ ಕಡೆ ಒಬ್ಬರೂ ತಿರುಗಲಿಲ್ಲ. ಕೊನೆಗೆ ಅತ್ತೆ ಆರತಿ ತಟ್ಟೆಯನ್ನೂ ನಿರ್ಮಲಾಳ ಕೈಗೇ ಕೊಟ್ಟಳು. ಹಲ್ಲು ಕಚ್ಚಿಕೊಂಡು ಪುಸ್ತಕಕ್ಕೆ ಆರತಿ ಎತ್ತಿದಳು. ಹೊರಗೆ ಜಗಲಿಯ ಮೇಲೆ ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿ, ಓದಿದ್ದನ್ನೇ ಬಾಯಲ್ಲಿ ಗುನುಗುತ್ತ, ನಡುವೆ ಮರೆತಲ್ಲಿ ನಿಂತು, ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅದೊಂದನ್ನು ನೋಡಿ ಮಾತ್ರ ನಿರ್ಮಲಾಗೆ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಬ್ಯಾಗು ಹೆಗಲಿಗೇರಿಸಿ ಮಗ್ಗದ ಮುಂದೆ ಬಂದು ನಿಂತಳು. "ಎರಡು ಸಾಲು ಓದಿ ಎತ್ಕೊಂಡು ಹೋಗ್ತೀನಿ ಅತ್ತೆ. ನಿನ್ನೆ ಬಿಟ್ಟಿದ್ದು ಬಸ್ಸಲ್ಲಾದ್ರೂ ನೋಡ್ಕಂತೀನಿ."

"ನೀನಲ್ಲ ಕಣಮ್ಮ," ಎಂದಳು ದುರುಗಕ್ಕ. "ಪೂಜೆಗಿಟ್ಟೋಳು ನಿರ್ಮಲಾ, ಹಿರೇ ಸೊಸೆ. ಅವಳೇ ಓದಿ ಎತ್ತಿ ನಿನ್ನ ಕೈಗೆ ಕೊಡ್ಲಿ. ಒಳ್ಳೇದಾಗ್ತೈತೆ."

ನಿರ್ಮಲಾ ಒಲ್ಲೆ ಎನ್ನುವಂತಿರಲಿಲ್ಲ, ಶಾಸ್ತ್ರ ತಂದವಳು ಅವಳೇ. ಬಾಡಿದ ಹೂ ಸರಿಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೈಗೆ ಬಂದ ಪುಟ ತೆರೆದಳು. ಹೃದಯದ ಚಿತ್ರ ಇತ್ತು. ಕಾಲೇಜಿನಲ್ಲಿ ಕೆಂಪು ನೀಲಿ ಪೆನ್ಸಿಲು ಹಿಡಿದು ಅವಳೂ ಬಿಡಿಸಿದ್ದ ಚಿತ್ರ. ಕೆಳಗಿನ ಇಂಗ್ಲಿಷ್ ಸಾಲನ್ನು ತಡವರಿಸಿ ತಡವರಿಸಿ ಓದಿದಳು. ಎರಡನೆಯ ಸಾಲಿಗೆ ನಾಲಿಗೆ ಸ್ವಲ್ಪ ಸಡಿಲವಾಯಿತು. ಮೂರನೆಯದನ್ನು ಓದೆಂದು ಯಾರೂ ಹೇಳಿರಲಿಲ್ಲ, ಆದರೂ ಓದಿದಳು.

"ಸಾಕು ಬಿಡೆ, ಎರಡು ಸಾಲಾತು," ಎಂದಳು ಅತ್ತೆ.

ನಿರ್ಮಲಾಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಇತ್ತು. ದನಿ ತಗ್ಗಿತು, ಆಮೇಲೆ ತುಟಿ ಮಾತ್ರ ಅಲುಗಾಡಿತು. ಪುಟ ಮುಗಿಯಿತು. ಅವಳು ಮಗುಚಿದಳು.

"ಅಕ್ಕ," ಜ್ಯೋತಿಲಕ್ಷ್ಮಿ ಕೈಚಾಚಿದಳು. "ಬಸ್ಸಿಗೆ ಹೊತ್ತಾತು. ಪುಸ್ತಕ ಕೊಡಕ್ಕ."

ನಿರ್ಮಲಾ ತಲೆ ಎತ್ತಲಿಲ್ಲ.

"ನೀನು ಹೋಗು," ಎಂದಳು. "ನಿಂದು ಓದಾಗೈತೆ."