ವಾಪಸ್ ಬಂದ ಪಾತ್ರೆ

ಎರಡೂ ಕೈಯಲ್ಲಿ ಬಿಸಿ ಆಲೂಗಡ್ಡೆಯ ಗಾಜಿನ ಪಾತ್ರೆ ಇದ್ದುದರಿಂದ ದಂತವೈದ್ಯ ಲಮಾರ್ ಸೊರೆನ್ಸನ್ ಕರೆಗಂಟೆಯನ್ನು ಮೊಣಕೈಯಿಂದ ಒತ್ತಿದ. ಅಂಗಿಯ ಜೇಬಿನಲ್ಲಿ ಎರಡು ಚೀಟಿಗಳಿದ್ದವು. ಗರ್ಭಪಾತದ ಬಗ್ಗೆ ಕೇಳಿದರೆ ಮೆತ್ತಗಿನ ಮನಸ್ಸಿನವರ ಮನೆಗೆ ನೀಲಿ ಚೀಟಿಯ ಉತ್ತರ, ಕಟ್ಟುನಿಟ್ಟಿನವರ ಮನೆಗೆ ಹಳದಿ ಚೀಟಿಯದು. ಪಕ್ಷದ ಟಿಕೆಟ್ ಯಾರಿಗೆಂದು ತೀರ್ಮಾನಿಸುವ ಪ್ರತಿನಿಧಿಗಳ ಪೈಕಿ ಅರವತ್ತೊಂದು ಜನರ ಬಾಗಿಲು ಹೀಗೇ ದಾಟಿ ಬಂದಿದ್ದ.

ಇದು ಅರವತ್ತೆರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಯೂಟಾದ ಆ ಸಣ್ಣ ಊರಿನಲ್ಲಿ ಎಂಬತ್ತೆರಡರ ಲರೂ ಟಾಲ್ಬಟ್ ಕೈ ಎತ್ತಿದರೆ ಜೊತೆಗೆ ಇನ್ನೂ ಎಂಟು ಕೈ ಏಳುತ್ತವೆ; ಆ ಎಂಟು ಪ್ರತಿನಿಧಿಗಳಿಗೂ ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠ ಹೇಳಿಕೊಟ್ಟವಳು ಅವಳೇ. ಚರ್ಚಿನ ರೂಢಿಯಂತೆ ಎಲ್ಲರಿಗೂ ಅವಳು ಸಿಸ್ಟರ್ ಲರೂ. ಆ ಒಂಬತ್ತು ಓಟು ಬೀಳದಿದ್ದರೆ ಲಮಾರ್ ಜೀವಮಾನವಿಡೀ ಹಲ್ಲು ಕೀಳುತ್ತಲೇ ಇರಬೇಕು. "ನೀನೂ ಬಾ" ಎಂದು ಹೆಂಡತಿ ಮಾರ್ಲಿಸ್‌ಳನ್ನು ಕರೆದಿದ್ದ. "ನಾನು ಬರಲ್ಲ, ಆಲೂಗಡ್ಡೆ ಕಳಿಸ್ತೀನಿ. ಸಿಸ್ಟರ್ ಲರೂ ಕೈಗೇ ಕೊಡು" ಎಂದಿದ್ದಳು. ತುರಿದ ಆಲೂಗಡ್ಡೆ, ಚೀಸ್, ಮೇಲೊಂದಿಷ್ಟು ಕಾರ್ನ್‌ಫ್ಲೇಕ್ಸ್. ಆ ಊರಿನಲ್ಲಿ ಬಾಣಂತಿಗೂ ಅದೇ, ಸಾವಿನ ಮನೆಗೂ ಅದೇ.

"ಬಾರಪ್ಪಾ ಲಮಾರ್. ನನ್ನ ದವಡೆ ಹಲ್ಲು ನೋಡೋಕೆ ಬಂದ್ಯೋ, ಓಟು ನೋಡೋಕೆ ಬಂದ್ಯೋ?" ಎನ್ನುತ್ತ ಲರೂ ಅವನನ್ನು ಒಳಗೆ ಕರೆದು ಕೂರಿಸಿದಳು.

"ಎರಡೂ ಅಂತಿಟ್ಕೊಳ್ಳಿ, ಸಿಸ್ಟರ್."

"ಹಲ್ಲು ನಾಲ್ಕೇ ಉಳ್ದಿವೆ. ಅವುಗಳ ತಂಟೆಗೆ ಬರ್ಬೇಡ. ಗರ್ಭಪಾತದ ವಿಷ್ಯ ಏನಂತೀಯ, ಅದನ್ನ ಹೇಳು. ಬೆಳಿಗ್ಗೆ ನಿನ್ನ ಎದುರಾಳಿ ಬಂದಿದ್ದ. ನಾನು ಕೇಳೋಕ್ಮುಂಚೇನೇ ಹೇಳ್ಬಿಟ್ಟು ಹೋದ."

ಗೋಡೆಯ ತುಂಬ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಫೋಟೊ. ಮೂವತ್ತೆಂಟರವರೆಗೆ ಎಣಿಸಿದ ಲಮಾರ್, ಹಳದಿ ಚೀಟಿಯೇ ಸರಿ ಎಂದುಕೊಂಡ. "ಯಾವ ವಿನಾಯಿತಿಯೂ ಇಲ್ಲ, ಸಿಸ್ಟರ್. ಒಂದೇ ಒಂದೂ ಇಲ್ಲ" ಎಂದು ತೊಡೆಗೆ ಗುದ್ದಿಕೊಂಡು ಹೇಳಿದ.

"ನಮ್ಮ ಚರ್ಚೇ ಮೂರ್ನಾಲ್ಕು ವಿನಾಯಿತಿ ಇಟ್ಟಿದೆಯಲ್ಲೋ! ಪ್ರಾರ್ಥನೆ ಮಾಡಿ, ಬಿಷಪ್ಪರ ಹತ್ರ ಮಾತಾಡಿ, ಆಮೇಲೆ ತೀರ್ಮಾನ ಮಾಡ್ಕೊಳ್ಳಿ ಅನ್ನುತ್ತೆ. ಚರ್ಚು ನಡೆಸೋ ಪ್ರವಾದಿಗಳಿಗಿಂತ ನೀನೇ ಒಂದು ಕೈ ಮೇಲಾದ್ಯಾ?"

"ಪ್ರವಾದಿಗಳು ಚುನಾವಣೆಗೆ ನಿಂತಿಲ್ವಲ್ಲ, ಸಿಸ್ಟರ್."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಇಪ್ಪತ್ತೈದು ವರ್ಷ ಬಾಯಿ ತೆರೆದು ಮಲಗಿದವರ ಜೊತೆಗೇ ಮಾತಾಡಿದವನು ಅವನು. ಎದುರುತ್ತರ ಕೇಳಿ ಅಭ್ಯಾಸವಿರಲಿಲ್ಲ.

"ತಾಯಿ ಜೀವಕ್ಕೇ ಕುತ್ತು ಬಂದ್ರೆ?"

"ದೇವರ ಚಿತ್ತ" ಎಂದ ಲಮಾರ್. ಹಳದಿ ಚೀಟಿಯಲ್ಲಿ ಹಾಗೇ ಇತ್ತು.

ಲರೂ ಎದ್ದು, ಆಲೂಗಡ್ಡೆಯನ್ನು ತನ್ನ ತಟ್ಟೆಗೆ ಸುರಿದುಕೊಂಡು ಪಾತ್ರೆ ತೊಳೆದಳು. ಒರೆಸುವಾಗ ಮಗುಚಿ ತಳ ನೋಡಿದಳು. ಆ ಊರಿನ ಹೆಂಗಸರೆಲ್ಲ ಪಾತ್ರೆಯ ತಳದಲ್ಲಿ ಉಗುರುಬಣ್ಣದಿಂದ ಹೆಸರು ಬರೆದಿಡುತ್ತಾರೆ, ಯಾರ ಮನೆಗೆ ಹೋದರೂ ದಾರಿ ತಪ್ಪದೆ ವಾಪಸ್ ಬರಲೆಂದು. ಹಾಗಾಗಿ ಪಾತ್ರೆ ಕೈಗೆ ಸಿಕ್ಕರೆ ತಳ ನೋಡುವುದು ಅವರಿಗೆಲ್ಲ ಅಭ್ಯಾಸ. ಕೆಂಪು ಅಕ್ಷರ ಅಷ್ಟಾಗಿ ಮಾಸಿರಲಿಲ್ಲ: ಲ. ಟಾಲ್ಬಟ್.

"ಇದು ನಂದೇ" ಎಂದಳು ಲರೂ.

"ಅಯ್ಯೋ, ಕ್ಷಮಿಸಿ! ಮಾರ್ಲಿಸ್‌ಗೆ ಕೊಡೋಕೆ ಮರ್ತು ಹೋಗಿರ್ಬೇಕು."

"ಮಾರ್ಲಿಸ್‌ಗೆ ಮರೆವಾ? ಸಂಜೆ ಕೊಟ್ಟ ಪಾತ್ರೆ ಬೆಳಗಾಗೋದ್ರೊಳಗೆ ತಂದಿಡೋಳು ಅವಳು. ಇದೊಂದನ್ನೇ ಹತ್ತೊಂಬತ್ತು ವರ್ಷದಿಂದ ಇಟ್ಕೊಂಡಿದಾಳೆ. ನೋಡು, ಒಂದು ಗೀರಿಲ್ಲ, ಬಳಸೇ ಇಲ್ಲ. ಇದರಲ್ಲಿ ನಾನು ಊಟ ಯಾವಾಗ ತಂದ್ಕೊಟ್ಟಿದ್ದೆ, ಜ್ಞಾಪಕ ಇದೆಯಾ?"

ಲಮಾರ್‌ನ ಕೈ ತಾನಾಗಿ ಜೇಬಿಗೆ ಹೋಯಿತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ಆಗ ಚರ್ಚಿನ ಮಹಿಳಾ ಸಂಘಕ್ಕೆ ನಾನೇ ಅಧ್ಯಕ್ಷೆ. ಮಾರ್ಲಿಸ್‌ಗೆ ಐದು ತಿಂಗಳು, ಮೈಯೆಲ್ಲ ನಂಜೇರಿತ್ತು. ನೀನು ಆಸ್ಪತ್ರೇಲಿ ಬಿಷಪ್ಪರ ಕೋಟು ಹಿಡ್ಕೊಂಡು ಅಳ್ತಿದ್ದೆ. 'ನನಗೆ ಅವಳು ಬೇಕು, ಅವಳನ್ನ ಉಳಿಸ್ಕೊಡಿ' ಅಂತಿದ್ದೆ. ಗರ್ಭ ತೆಗೆಯೋ ಕಾಗದಕ್ಕೆ ಸಹಿ ಹಾಕಿದೋರು ಯಾರು?"

"ನಾನೇ."

"ತಪ್ಪು ಮಾಡಿದ್ಯಾ?"

"ಇಲ್ಲ" ಎಂದ ಲಮಾರ್. ಈ ಉತ್ತರಕ್ಕೆ ಯಾವ ಚೀಟಿಯೂ ಬೇಕಾಗಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ನೀನು ಓಟು ಕೇಳೋಕೆ ಹೋದ ಎಲ್ಲಾ ಮನೆಗೂ ಆಲೂಗಡ್ಡೆ ಕಳಿಸಿದಾಳಾ?"

"ಇಲ್ಲ. ನಿಮ್ಮ ಮನೆಗೆ ಮಾತ್ರ."

"ಹಾಗಾದ್ರೆ ಸರಿ" ಎಂದು ಲರೂ ಪಾತ್ರೆಯನ್ನು ಕಪಾಟಿನ ಮೇಲಟ್ಟಕ್ಕೆ ಸೇರಿಸಿದಳು. ಒಂದು ಚಮಚ ಆಲೂಗಡ್ಡೆ ಬಾಯಿಗೆ ಹಾಕಿಕೊಂಡು ಉಳಿದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. "ಚೆನ್ನಾಗಿದೆ. ಅವತ್ತು ನೀನು ದೇವರ ಚಿತ್ತ ಅಂತ ಕೈಕಟ್ಕೊಂಡು ಕೂತಿದ್ರೆ ಇದನ್ನ ಯಾರು ಮಾಡ್ಕೊಡ್ತಿದ್ರೋ ಮಾರಾಯ? ಈಗ ಮನೆಗೆ ಹೋಗು. ನಂಗೆ ಹೇಳಿದ ಮಾತನ್ನೇ ಅವಳ ಮುಖ ನೋಡ್ಕೊಂಡು ಹೇಳು. ಅವಳು ಹ್ಞೂಂ ಅಂದ್ರೆ ನನ್ನ ಓಟು, ಆ ಎಂಟು ಓಟು, ಎಲ್ಲಾ ನಿಂದೇ."

ಲಮಾರ್ ಬರಿಗೈಯಲ್ಲಿ ಮನೆಗೆ ಬಂದ. ಅಡುಗೆಮನೆಯ ಕಿಟಕಿಯಲ್ಲಿ ಮಾರ್ಲಿಸ್ ಕಾಣಿಸಿದಳು. ಕೈಯಲ್ಲಿ ಕೆಲಸವೇನೂ ಇರಲಿಲ್ಲ, ದಾರಿಯನ್ನೇ ನೋಡುತ್ತಿದ್ದಳು. ಬೀಗದ ಕೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಆದರೂ ಅವನು ಟೈ ಸರಿಮಾಡಿಕೊಂಡು, ತನ್ನದೇ ಮನೆಯ ಕರೆಗಂಟೆ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.