ಮೊದಲು ಕಳಿಸಿದವನು

ಮಕ್ಕಳ ಕಳ್ಳನೆಂದು ಊರಿನವರು ಕಂಬಳಿ ಮಾರುವವನೊಬ್ಬನನ್ನು ಕಲ್ಲು, ದೊಣ್ಣೆಗಳಿಂದ ಬಡಿದು ಕೊಂದಿದ್ದರು. ಅಳುವ ಮಗುವನ್ನು ಎತ್ತಿಕೊಂಡಿದ್ದ ಅವನ ಫೋಟೊ ಊರಿನ ಫೋನುಗಳಲ್ಲೆಲ್ಲ ಹರಿದಾಡಿತ್ತು. ಆ ಫೋನುಗಳು ಈಗ ಠಾಣೆಯ ಮೇಜಿನ ಮೇಲೆ ರಾಶಿ ಬಿದ್ದಿದ್ದವು.

ಊರಿನ ಪಂಚರ್ ಅಂಗಡಿಯವನ ತಲೆಯನ್ನು ಇನ್‌ಸ್ಪೆಕ್ಟರ್ ಗೋಡೆಗೆ ಅಪ್ಪಳಿಸಿದ. "ಫೋಟೊ ಕಳಿಸಿದ್ದರಲ್ಲಿ ಎಲ್ಲಕ್ಕಿಂತ ಮುಂಚಿನ ಟೈಮು ನಿನ್ ಫೋನಲ್ಲೇ ಇದೆ. ಬೆಂಕಿ ಹಚ್ಚಿದ್ದು ನೀನೇ ಕಣೋ!"

"ಬಿಡಿ ಸರ್ ಅವನನ್ನ," ಎಂದಳು ಫೋನುಗಳನ್ನು ಪರೀಕ್ಷಿಸಲು ಪೊಲೀಸರು ಕರೆಸಿದ್ದ ಎಂಜಿನಿಯರ್. ಹತ್ತಾರು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡುವ ಪ್ರೋಗ್ರಾಮುಗಳ ತಪ್ಪು ಹುಡುಕುವುದೇ ಅವಳ ಕೆಲಸ. "ಇವನ ಫೋನಿನ ಗಡಿಯಾರ ಹಿಂದಿದೆ. ಗಡಿಯಾರ ನಂಬಬಾರದು. ಒಬ್ಬರು ಕಳಿಸದೆ ಇನ್ನೊಬ್ಬರಿಗೆ ಬರಲ್ಲ, ಅದೊಂದನ್ನೇ ನಂಬಬೇಕು. ಯಾರಿಗೆ ಯಾರಿಂದ ಬಂತು ಅಂತ ಹಿಂದಕ್ಕೆ ಹೋಗ್ತೀನಿ."

"ಹೋಗಿ. ಮೊದಲು ಕಳಿಸಿದವನು ಸಿಗಲಿ, ಜೀವಂತ ಬಿಡಲ್ಲ ಅವನನ್ನ."

ಆಕೆ ಒಂದೊಂದೇ ಫೋನನ್ನು ನೋಡಿ ಪಕ್ಕಕ್ಕೆ ಸರಿಸುತ್ತ ಹೋದಳು. ಎಲ್ಲದರಲ್ಲೂ ಅದೇ ಫೋಟೊ. ಹಿಂದೆ ಹೋದಂತೆಲ್ಲ ಅದರ ಕೆಳಗಿನ ಮಾತು ಮಾತ್ರ ತಣ್ಣಗಾಗುತ್ತಿತ್ತು. 'ಮಕ್ಕಳ ಕಳ್ಳ, ಹೊಡೆದು ಹಾಕಿ.' ಅದಕ್ಕೂ ಮೊದಲು, 'ಕಳ್ಳ ಇರಬಹುದು, ಹುಷಾರು.' ಅದಕ್ಕೂ ಮೊದಲು, 'ಯಾರಿವನು? ಮಗು ಯಾಕೆ ಅಳ್ತಿದೆ?'

ಮೇಜಿನ ಮೇಲಿನ ಫೋನುಗಳು ಮುಗಿದವು. ಕೊನೆಯದಕ್ಕೆ ಫೋಟೊ ಬಂದಿದ್ದ ನಂಬರಿನ ಫೋನು ಅಲ್ಲಿರಲಿಲ್ಲ.

"ಹೆಣದ ಜೇಬಲ್ಲಿ ಸಿಕ್ಕಿದ ಫೋನ್ ಕೊಡಿ ಸರ್," ಎಂದಳು.

ಒಡೆದ ಗಾಜಿನ ಮೇಲೆ ಒಣಗಿದ್ದ ರಕ್ತದ ನಡುವಿನಿಂದ ಅದೇ ಫೋಟೊದ ಕೆಳಗಿನ ಮಾತನ್ನು ಆಕೆ ಓದಿದಳು: 'ಈ ಮಗು ದಾರಿ ತಪ್ಪಿ ನನ್ನ ಹತ್ತಿರ ಬಂದಿದೆ. ಗುರುತಿದ್ದವರು ಬೇಗ ಬನ್ನಿ.'